ಮೂರು ಗಾಲಿ ಗಾಡಿಯ ಹೊಲಿಗೆ

ಬೀಗಿತ್ತಿಯನ್ನು ಕಂಡರೆ ಟೇಲರಮ್ಮನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಗಳ ಮದುವೆಯಾದ ಮೇಲೆ ಮೂರು ವರ್ಷ ಇಬ್ಬರೂ ಚೆನ್ನಾಗಿಯೇ ಇದ್ದರು. ಬೀಗಿತ್ತಿಯ ಹಳೆಯ ಕೋಟಿಗೆ ಹೊಸ ಲೈನಿಂಗ್ ಹಾಕಿಕೊಟ್ಟವಳು ಇದೇ ಟೇಲರಮ್ಮ. ಕೂಲಿ ಬೇಡವೇ ಬೇಡ ಎಂದು ಬಾಗಿಲಲ್ಲಿ ನಿಂತು ಜಗಳವಾಡಿದವಳೂ ಅವಳೇ. ಆಗದೆ ಹೋದದ್ದು ಈಚೆಗೆ, ಹನ್ನೊಂದು ವಾರದ ಹಿಂದೆ, ಮೊಮ್ಮಗಳು ಹುಟ್ಟಿದ ದಿನದಿಂದ.

ಆ ದಿನ ನಡೆದದ್ದು ಇಷ್ಟೇ. ಆಸ್ಪತ್ರೆಯ ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೋಣೆಯೊಳಗೆ ಬಂದಳು. ಇಬ್ಬರು ಅಜ್ಜಿಯರೂ ಕೈ ಚಾಚಿದರು. ಬೀಗಿತ್ತಿ ಮೂವತ್ತು ವರ್ಷ ಶಾಲೆಯಲ್ಲಿ ಆಟದ ಟೀಚರಾಗಿದ್ದವಳು, ಆಳೆತ್ತರದ ಹೆಂಗಸು, ಕೈಯೂ ಅದಕ್ಕೆ ತಕ್ಕ ಹಾಗೆ ಉದ್ದ. ಟೇಲರಮ್ಮ ಮೆಷಿನ್ನಿನ ಮುಂದೆ ಕೂತೂ ಕೂತೂ ಇನ್ನಷ್ಟು ಗಿಡ್ಡವಾದವಳು. ನರ್ಸು ಮೊದಲು ಸಿಕ್ಕ ಕೈಗೆ ಮಗುವನ್ನು ಕೊಟ್ಟು ಹೋದಳು. ಅವತ್ತಿನಿಂದ ಟೇಲರಮ್ಮ ಮನಸ್ಸಿನಲ್ಲೇ ಬೀಗಿತ್ತಿಗೆ ಏಣಿ ಎಂದು ಹೆಸರಿಟ್ಟಳು. ಬಾಯಿ ತಪ್ಪಿ ಎಲ್ಲಿ ಹೊರಗೆ ಬಂದುಬಿಡುತ್ತದೋ ಎಂದು ಅವಳಿಗೇ ಆಗಾಗ ಭಯವಾಗುತ್ತಿತ್ತು.

ಆಮೇಲೆ ಎಲ್ಲದಕ್ಕೂ ಲೆಕ್ಕವಿಡುವ ಚಾಳಿ ಶುರುವಾಯಿತು. ಏಣಿ ಎಷ್ಟು ಹೊತ್ತು ಎತ್ತಿಕೊಂಡಿದ್ದಳು, ತಾನೆಷ್ಟು ಹೊತ್ತು. ಏಣಿ 'ಒಂದು, ಎರಡು, ಮೂರು, ನಾಲ್ಕು' ಎಂದು ಮೈದಾನದಲ್ಲಿ ಕವಾಯತು ಮಾಡಿಸುವ ದನಿಯಲ್ಲಿ ಎಣಿಸಿದರೆ ಮಗು ಅಳು ನಿಲ್ಲಿಸಿ ಬಾಯಿ ತೆರೆದು ನೋಡುತ್ತಿತ್ತು. ಟೇಲರಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡು ಆ ದನಿಯಲ್ಲಿ ಎಣಿಸಿ ನೋಡಿದಳು. ಬರಲಿಲ್ಲ. ಹೊಟ್ಟೆ ಉರಿಯುವುದು ಎಂದರೆ ಏನು ಎಂಬುದು ಅವಳಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಸರಿಯಾಗಿ ತಿಳಿಯಿತು.

ಇದೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾರದ ವಿಷಯ ಬೇರೆ ಇತ್ತು. ಮಗಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸದವಳು. ರಜೆ ಮುಗಿಯಲು ಇನ್ನು ಮೂರೇ ವಾರ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಮಗುವನ್ನು ಇಬ್ಬರು ಅಜ್ಜಿಯರಲ್ಲಿ ಒಬ್ಬರು ನೋಡಿಕೊಳ್ಳಬೇಕು. ಮಗಳು ಅಳಿಯ ಇರುವುದು ಬೇರೆ ಮನೆಯಲ್ಲಿ. ಅಳಿಯ ವಾರವಿಡೀ ಊರೂರು ಸುತ್ತುವ ಕೆಲಸದವನು, ಅವನನ್ನು ಕೇಳುವ ಹಾಗಿಲ್ಲ. "ಯಾರು ಅಂತ ಇನ್ನೂ ಯೋಚನೆ ಮಾಡಿಲ್ಲಮ್ಮ, ಮೊದಲು ತಳ್ಳೋ ಗಾಡಿ ತಗೊಂಡುಬಿಡೋಣ" ಎಂದಿದ್ದಳು ಮಗಳು. ಟೇಲರಮ್ಮ ಆಗಲೇ ಕಟಿಂಗ್ ಟೇಬಲ್ಲನ್ನು ಗೋಡೆಗೆ ಸರಿಸಿ, ಕಿಟಕಿಯ ಪಕ್ಕದಲ್ಲಿ ಮಗು ಮಲಗುವಷ್ಟು ಜಾಗ ಮಾಡಿಟ್ಟಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದು ಸಲ ಮಗಳು ಮಗುವನ್ನು ಅಂಗಡಿಗೆ ತಂದಾಗ ಮೆಷಿನ್ನಿನ ಸದ್ದಿಗೆ ಅದು ನಲವತ್ತು ನಿಮಿಷ ಅಲ್ಲಾಡದೆ ನಿದ್ದೆ ಹೋಗಿತ್ತು. ಅವತ್ತು ಹೊಲಿಯಲು ಏನೂ ಉಳಿದಿರದಿದ್ದರೂ ಟೇಲರಮ್ಮ ಚಿಂದಿ ಬಟ್ಟೆಯ ಮೇಲೆ ಸುಮ್ಮನೆ ಹೊಲಿಗೆ ಓಡಿಸುತ್ತ ಕೂತಿದ್ದಳು. ಬೆಳಗಿನ ಆ ಏಳು ತಾಸು ತನಗೆ ಸಿಗಬೇಕು. ಬೇರೆ ಏನೂ ಬೇಡ.

ಗಾಡಿಯ ಅಂಗಡಿಗೆ ಶನಿವಾರ ನಾಲ್ವರು ಹೋದರು, ಮಗುವನ್ನೂ ಸೇರಿಸಿ. ಉದ್ದನೆಯ ಅಂಗಡಿ, ಮುಖ ಕಾಣುವಷ್ಟು ನುಣುಪಾದ ನೆಲ, ಎರಡೂ ಕಡೆ ಗಾಡಿಗಳ ಸಾಲು. ಮಾರುವವನು ಅವಳಿಜವಳಿ ಮಕ್ಕಳ ತಂದೆಯಂತೆ, ನಿದ್ದೆಗೆಟ್ಟ ಮುಖದವನು, ಎರಡು ಮಾತಿಗೊಮ್ಮೆ ಆಕಳಿಸುತ್ತಿದ್ದ. ಮಗಳು ನಾಲ್ಕು ಗಾಲಿಯ ಗಾಡಿಗಳನ್ನೆಲ್ಲ ದಾಟಿ ನೇರವಾಗಿ ಮೂರು ಗಾಲಿಯದರ ಹತ್ತಿರ ಹೋಗಿ ನಿಂತಳು.

"ಮೂರು ಗಾಲಿಯದು ಈ ಊರಲ್ಲಿ ನಮ್ಮ ಹತ್ರ ಮಾತ್ರ, ಎರಡೇ ಇವೆ" ಎಂದ ಅವನು. "ಆ ನೀಲಿದು ಕೂರೋ ಮಕ್ಕಳಿಗೆ, ನಿಮ್ಮ ಮಗೂಗೆ ಆಗಲ್ಲ. ಇದಾದ್ರೆ ಪೂರ್ತಿ ಮಲಗಿಸ್ಬಹುದು. ಗಾಳಿ ತುಂಬಿದ ಟೈರು. ಮುಂದಿನ ಗಾಲಿ ಬೇಕಾದ್ರೆ ಹೀಗೆ ತಿರುಗುತ್ತೆ, ಬೇಡ ಅಂದ್ರೆ ಇಲ್ಲಿ ಒತ್ತಿದ್ರೆ ನೆಟ್ಟಗೆ ನಿಲ್ಲುತ್ತೆ."

ಬೀಗಿತ್ತಿ ಅದರ ಹಿಡಿಯನ್ನು ಒಂದೇ ಕೈಯಲ್ಲಿ ಹಿಡಿದು ತಳ್ಳಿದಳು. ಸಾಲಿನ ಕೊನೆಯವರೆಗೆ ಹೋಗಿ, ಅಲ್ಲಿ ಪೇರಿಸಿಟ್ಟ ಪೆಟ್ಟಿಗೆಗಳನ್ನು ಒಂದು ಸುತ್ತು ಹಾಕಿ, ಸ್ವಲ್ಪ ಓಡುವ ಹೆಜ್ಜೆಯಲ್ಲೇ ವಾಪಸು ಬಂದಳು. ಅರವತ್ತು ದಾಟಿದವಳು ಎಂದು ಯಾರೂ ಹೇಳುವಂತಿರಲಿಲ್ಲ. ಮಾರುವವನ ಆಕಳಿಕೆ ಕೂಡ ಅರ್ಧಕ್ಕೆ ನಿಂತಿತು.

ಆಮೇಲೆ ಟೇಲರಮ್ಮನ ಸರದಿ. ಹಿಡಿ ಅವಳ ಎದೆಮಟ್ಟಕ್ಕೆ ಬಂತು. ಮಾರುವವನು ಒಂದು ಗುಂಡಿ ಒತ್ತಿ ಅದನ್ನು ಇಳಿಸಿಕೊಟ್ಟ. ಈಗ ಸರಿಯಾಗಿ ಮೊಣಕೈ ಎತ್ತರಕ್ಕೆ ಬಂದು ನಿಂತಿತು. ನಾಲ್ಕು ಹೆಜ್ಜೆ ತಳ್ಳಿದಳು. ಗಾಡಿ ತಾನಾಗಿಯೇ ಹೋಗುತ್ತಿದೆಯೋ ಎನ್ನುವಷ್ಟು ಹಗುರ. ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಖುಷಿಯಾಯಿತು. ಅಷ್ಟರಲ್ಲಿ ಬೀಗಿತ್ತಿ ಬಂದು, "ಇದೇ ಸರಿ, ಎಂಥ ರಸ್ತೆಗಾದ್ರೂ ನಡೆಯುತ್ತೆ" ಎನ್ನುತ್ತ, ಕೈ ಸುಮ್ಮನಿರಲಾರದೆ, ಹೆಬ್ಬೆರಳಲ್ಲಿ ಗುಂಡಿ ಒತ್ತಿ ಹಿಡಿಯನ್ನು ಮೇಲಕ್ಕೆ ಏರಿಸಿದಳು. ಮಗಳು ಅತ್ತೆಯ ಮುಖ ನೋಡಿದಳು, ಅತ್ತೆ ಸೊಸೆಯ ಮುಖ ನೋಡಿದಳು. ಇಬ್ಬರೂ ಸಣ್ಣಗೆ ನಕ್ಕರು.

ಆ ನಗು ಟೇಲರಮ್ಮನ ಕಣ್ಣಿಗೆ ಬಿತ್ತು. ಬಿದ್ದ ಮೇಲೆ ಕೆಲಸ ಕೆಟ್ಟಿತು. ಓಹೋ, ಇವರಿಬ್ಬರೂ ಎಲ್ಲ ಮಾತಾಡಿಕೊಂಡೇ ಬಂದಿದ್ದಾರೆ, ನನ್ನನ್ನು ಕರೆದದ್ದು ಶಾಸ್ತ್ರಕ್ಕೆ. ಮೂರು ಗಾಲಿಯ ಗಾಡಿ ಓಡುವವರ ಗಾಡಿ. ಈ ಏಣಿ ದಿನಾ ಬೆಳಿಗ್ಗೆ ನನ್ನ ಮೊಮ್ಮಗಳನ್ನು ಇದರಲ್ಲಿ ಮಲಗಿಸಿಕೊಂಡು ಪಾರ್ಕಿನಲ್ಲಿ ಓಡುತ್ತಾಳೆ. ಕಂಡವರೆಲ್ಲ ಅಜ್ಜಿಯೆಂದರೆ ಹೀಗಿರಬೇಕು ಎನ್ನುತ್ತಾರೆ. ಮಗುವಿನ ಮೊದಲ ಹಲ್ಲು ಅವಳಿಗೇ ಕಾಣಿಸುತ್ತದೆ. ನನಗೆ ಸಂಜೆ ಫೋನಿನಲ್ಲಿ ಸುದ್ದಿ ಬರುತ್ತದೆ. ನಾನು ಪ್ಯಾಂಟಿನ ಕಾಲು ಮಡಿಸುತ್ತ ಕೂತಿರಬೇಕು.

"ಅಮ್ಮ, ನೀನು ಹೊಲಿಗೆ ನೋಡಿಬಿಡು" ಎಂದಳು ಮಗಳು.

ಇಲ್ಲಿ ಒಂದು ಮಾತು ಹೇಳಬೇಕು. ಆ ಕುಟುಂಬದಲ್ಲಿ ಹೊಲಿಗೆಯ ವಿಷಯಕ್ಕೆ ಟೇಲರಮ್ಮ ಹೇಳಿದ್ದೇ ತೀರ್ಪು. ಶಾಲೆಯ ಚೀಲದಿಂದ ಹಿಡಿದು ಸೋಫಾದ ಹೊದಿಕೆಯವರೆಗೆ ಅವಳ ಬೆರಳು ಆಡದೆ ಏನೂ ಮನೆಯೊಳಗೆ ಬಂದಿರಲಿಲ್ಲ. ತನ್ನದೇ ಹೊಲಿಗೆ ಸರಿಬರಲಿಲ್ಲ ಎಂದು ಗಿರಾಕಿಯ ಎದುರಿಗೇ ಹೇಳಿ, ಕೂರಿಸಿಕೊಂಡು ಬಿಚ್ಚಿದ ಹೆಂಗಸು ಅವಳು. ಬೇರೆ ವಿಷಯದಲ್ಲಿ ಒಂದೆರಡು ಸುಳ್ಳು ಹೇಳಿರಬಹುದು, ಯಾರು ಹೇಳಿಲ್ಲ? ಹೊಲಿಗೆಯ ವಿಷಯದಲ್ಲಿ ಮಾತ್ರ ಇಲ್ಲ.

ಅವಳು ಬಗ್ಗಿ, ಮಗುವಿನ ಭುಜಕ್ಕೆ ಬರುವ ಪಟ್ಟಿಯನ್ನು ಅಭ್ಯಾಸದಂತೆ ಒಳಮಗ್ಗುಲಿಗೆ ತಿರುಗಿಸಿದಳು. ಹೊಲಿಗೆ ಎಂದರೆ ಅದು. ಎರಡು ಸಾಲು, ಮಧ್ಯದಲ್ಲಿ ಗುಣಾಕಾರದ ಗುರುತಿನ ಹಾಗೆ ಅಡ್ಡ ಹೊಲಿಗೆ, ಕೊನೆಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಿಸಿ ಬಿಗಿ ಮಾಡಿದ್ದು. ಮೇಲುದಾರ, ಕೆಳದಾರ ಎರಡೂ ಒಂದೇ ಹದದಲ್ಲಿ ಕೂತಿದ್ದವು. ಎಲ್ಲೋ ಯಾವುದೋ ಮೆಷಿನ್ನಿನ ಮುಂದೆ ಕೂತ ಯಾರೋ ಒಬ್ಬರು ಮನಸ್ಸಿಟ್ಟು ಮಾಡಿದ ಕೆಲಸ. ಬೇರೆ ದಿನವಾಗಿದ್ದರೆ ಅವಳು ಅದನ್ನು ನಾಲ್ಕು ಜನಕ್ಕೆ ತೋರಿಸಿ ಹೊಗಳುತ್ತಿದ್ದಳು.

"ಇದು ನಿಲ್ಲಲ್ಲ" ಎಂದಳು ಟೇಲರಮ್ಮ.

"ಯಾಕಮ್ಮ?"

"ಮೇಲೆ ನೋಡೋಕೆ ಚೆನ್ನಾಗಿದೆ. ಕೆಳದಾರ ಸಡಿಲ. ಆರು ತಿಂಗಳು ಎಳೆದಾಡಿದ್ರೆ ಪಟ್ಟಿ ಕೈಗೇ ಬರುತ್ತೆ."

ಮಗಳು ಗಾಡಿಯ ಮೇಲಿಟ್ಟ ಕೈಯನ್ನು ತೆಗೆದು ಮಗುವಿನ ಬೆನ್ನ ಮೇಲಿಟ್ಟಳು. ಮಾರುವವನಿಗೆ ನಿದ್ದೆ ಪೂರ್ತಿ ಹಾರಿಹೋಯಿತು. ಇದುವರೆಗೆ ಒಂದೇ ಒಂದು ದೂರು ಬಂದಿಲ್ಲ, ತನ್ನ ಮಕ್ಕಳಿಗೂ ಇದೇ ಕಂಪನಿಯದು ಎಂದೆಲ್ಲ ಹೇಳಿದ. "ಇರಬಹುದು. ನಮ್ಮಮ್ಮ ಹೇಳಿದ್ಮೇಲೆ ಮುಗೀತು" ಎಂದಳು ಮಗಳು. ಬೀಗಿತ್ತಿ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿದಳು. ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಒಮ್ಮೆ ಜೋರಾಗಿ ಎಳೆದಳು. ಬೀಗಿತ್ತಿ ನೆಟ್ಟಗೆ ನಿಂತು, ಕನ್ನಡಕ ತೆಗೆದು, ಏನೂ ಹೇಳದೆ ಕಿಟಕಿಯ ಕಡೆ ನೋಡಿದಳು.

ಕೊನೆಗೆ ಬಂದದ್ದು ನಾಲ್ಕು ಗಾಲಿಯ ಬೂದು ಬಣ್ಣದ ಗಾಡಿ. ಪುಟ್ಟ ಪುಟ್ಟ ಗಾಲಿ, ಮಡಿಸಿದರೆ ಕಂಕುಳಲ್ಲಿ ಇಟ್ಟುಕೊಳ್ಳಬಹುದು, ಮಗುವನ್ನು ಮಲಗಿಸಲೂಬಹುದು. ಅದರ ಹೊಲಿಗೆ ಸುಮಾರಾಗಿತ್ತು. ಟೇಲರಮ್ಮ ಅದಕ್ಕೆ 'ಪರವಾಗಿಲ್ಲ' ಎಂದಳು. ಮನೆಗೆ ಬರುವ ದಾರಿಯುದ್ದಕ್ಕೂ ಗೆದ್ದವಳ ಹಾಗೆ ಹೆಜ್ಜೆ ಹಾಕಿದಳು. ಓಡಲಿ ನೋಡೋಣ ಏಣಿ ಈ ಗಾಡಿ ಹಿಡಿದುಕೊಂಡು.

ಭಾನುವಾರ ಬೆಳಿಗ್ಗೆ ಮಗಳು ಹೊಸ ಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ತಾಯಿಯ ಮನೆಗೆ ಹೊರಟಳು. ಟೇಲರಮ್ಮನ ಮನೆ ಇರುವುದು ಹಳೆಯ ಬೀದಿಯಲ್ಲಿ. ಮುಂದಿನ ಕೋಣೆಯೇ ಅಂಗಡಿ. ಬೀದಿ ಮೇಲಕ್ಕೆ ಏರುತ್ತದೆ. ನೆಲಕ್ಕೆಲ್ಲ ಮುಷ್ಟಿಗಾತ್ರದ ಕಲ್ಲು ಹಾಸಿದೆ, ಒಂದೊಂದು ಕಲ್ಲಿನ ಸುತ್ತಲೂ ಎರಡು ಬೆರಳಿನಷ್ಟು ಸಂದು. ಕಾರು ಬರುವುದಿಲ್ಲ, ಬೈಕಿನವರೂ ಕೆಳಗೇ ನಿಲ್ಲಿಸಿ ನಡೆದು ಬರುತ್ತಾರೆ. ಟೇಲರಮ್ಮ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದಳು. ಗಾಡಿ ಕಾಣುವ ಮೊದಲೇ ಅದರ ಸದ್ದು ಕೇಳಿಸಿತು. ಗಾಲಿ ಸಂದಿಗೊಮ್ಮೆ ಸಿಕ್ಕಿಕೊಳ್ಳುವುದು, ಮಗಳು ಎತ್ತುವುದು, ಮತ್ತೆ ಎರಡು ಹೆಜ್ಜೆ, ಮತ್ತೆ ಸಿಕ್ಕಿಕೊಳ್ಳುವುದು. ಮಗುವಿನ ತಲೆ ಕುಲುಕಿ ಕುಲುಕಿ ಅದು ಎಚ್ಚರಗೊಂಡು ಕಿರುಚಲು ಶುರುಮಾಡಿತು. ಅರ್ಧ ದಾರಿಯಲ್ಲಿ ಮಗಳು ಸೋತು, ಮಗುವನ್ನು ಒಂದು ತೋಳಿನಲ್ಲಿ, ಗಾಡಿಯನ್ನು ಇನ್ನೊಂದರಲ್ಲಿ ಹೊತ್ತು ಮೇಲೆ ಬಂದಳು. ಬಂದವಳು ಗಿರಾಕಿಗಳ ಸ್ಟೂಲಿನ ಮೇಲೆ ಧೊಪ್ಪನೆ ಕೂತಳು.

"ಆಗಲ್ಲಮ್ಮ ಇದು" ಎಂದಳು ಏದುಸಿರು ಬಿಡುತ್ತ. "ಅದಕ್ಕೇ ಮೂರು ಗಾಲಿದು ನೋಡಿದ್ದು ನಾನು."

"ಅದು ನಿಮ್ಮತ್ತೆಗೆ ಅಲ್ವಾ?"

"ಅತ್ತೆಗ್ಯಾಕೆ? ಅವರ ರಸ್ತೆ ಕನ್ನಡಿ ಇದ್ದ ಹಾಗಿದೆ, ಅಲ್ಲಿಗೆ ಎಂಥದಾದ್ರೂ ನಡೆಯುತ್ತೆ. ಅದು ನಿನ್ನ ಈ ಬೀದಿಗೆ ಅಂತ ಹುಡುಕಿದ್ದು. ದೊಡ್ಡ ಗಾಲಿ ಇದ್ರೆ ಕಲ್ಲಿನ ಮೇಲೂ ಕುಲುಕಲ್ಲ ಅಂತ. ಅತ್ತೆಗೆ ಮೊದಲೇ ಹೇಳಿದ್ದೆ, ಬೆಳಿಗ್ಗೆ ಹೊತ್ತು ಅಮ್ಮನ ಹತ್ರ ಬಿಡ್ತೀನಿ, ಭಾನುವಾರ ನಿಮಗೆ ಅಂತ. ಬೇಜಾರಾಯ್ತು ಪಾಪ, ಆದ್ರೂ ನಕ್ಕೊಂಡೇ ಒಪ್ಪಿದ್ರು. ಗಾಡಿ ತಗೊಂಡ ಮೇಲೆ ನಿಂಗೆ ಹೇಳೋಣ ಅಂತಿದ್ದೆ." ಮಗಳು ಮಗುವನ್ನು ಭುಜದ ಮೇಲೆ ಹಾಕಿಕೊಂಡು ತಟ್ಟಿದಳು. "ಈಗೇನು ಮಾಡೋದು. ಹೊಲಿಗೆ ಸರಿಯಿಲ್ಲ ಅಂದ್ಮೇಲೆ ಅದರಲ್ಲಿ ಮಗೂನ ಹೇಗೆ ಮಲಗಿಸ್ಲಿ? ಇನ್ನೆರಡು ತಿಂಗಳಿಗೆ ಇವಳನ್ನ ಎತ್ತಿಕೊಂಡು ಈ ಏರು ಹತ್ತೋಕಾಗಲ್ಲ ನಂಗೆ. ನಿನ್ನ ಮಂಡಿಯಂತೂ ಕೇಳೋದೇ ಬೇಡ. ಅತ್ತೆ ಮನೆಗೇ ಬಿಡ್ತೀನಿ ಅಷ್ಟೆ."

ಟೇಲರಮ್ಮ ಆಗಲೇ ನಿಜ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದು ನಿಜ. ಮಗಳು ಎದ್ದು, ಗಾಡಿಯನ್ನು ಮಡಿಸಿ, "ಬರ್ತೀನಿ" ಎಂದು ಇಳಿದುಹೋಗುವವರೆಗೂ ಅದು ತುದಿಯಲ್ಲೇ ಇತ್ತು.

ಆಮೇಲೆ ಅವಳು ಕಿಟಕಿಯ ಪಕ್ಕದ ಖಾಲಿ ಜಾಗವನ್ನು ನೋಡುತ್ತ ಕೂತಳು. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡದ್ದಕ್ಕೆ ಸಿಟ್ಟು ಬಂತು. ವಿಚಿತ್ರವೆಂದರೆ ಆ ಸಿಟ್ಟೂ ಬೀಗಿತ್ತಿಯ ಮೇಲೆಯೇ ಬಂತು. ಬೇಜಾರಾದರೂ ನಕ್ಕು ಒಪ್ಪಿದಳಂತೆ. ಒಳ್ಳೆಯವಳೆನ್ನಿಸಿಕೊಳ್ಳುವುದರಲ್ಲೂ ಏಣಿಯದೇ ಒಂದು ಕೈ ಮೇಲೆ.

ಮಾರನೆಯ ದಿನ ಅಂಗಡಿಯ ಬಾಗಿಲು ತೆರೆದು ಹತ್ತು ನಿಮಿಷವಾಗಿರಲಿಲ್ಲ, ಬೀಗಿತ್ತಿ ತಲೆ ತಗ್ಗಿಸಿ ಒಳಗೆ ಬಂದಳು. ಆ ಬಾಗಿಲಿಗೆ ಅವಳು ಯಾವಾಗಲೂ ತಲೆ ತಗ್ಗಿಸಲೇಬೇಕು, ಆದರೆ ಈ ಸಲ ಒಳಗೆ ಬಂದ ಮೇಲೂ ಎತ್ತಲಿಲ್ಲ.

"ಮಗೂನ ನನ್ನ ಹತ್ರ ಬಿಡ್ತಾಳಂತೆ" ಎಂದಳು.

"ಗೊತ್ತು. ಸಂತೋಷ" ಎಂದಳು ಟೇಲರಮ್ಮ, ಸಂತೋಷದ ಸುಳಿವೇ ಇಲ್ಲದ ದನಿಯಲ್ಲಿ.

"ಆ ಪಟ್ಟಿ ಗಟ್ಟಿ ಇತ್ತು."

ಟೇಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದವಳು ಅದನ್ನು ಟೇಬಲ್ಲಿನ ಮೇಲಿಟ್ಟಳು.

"ಮೂವತ್ತು ವರ್ಷ ಮಕ್ಕಳನ್ನ ಹಗ್ಗ ಹತ್ತಿಸಿದೀನಿ" ಎಂದಳು ಬೀಗಿತ್ತಿ. "ಹತ್ತಿಸೋ ಮೊದಲು ಅವರ ಸೊಂಟಕ್ಕೆ ಕಟ್ಟೋ ಒಂದೊಂದು ಪಟ್ಟೀನೂ ಎಳೆದು ನೋಡ್ತಿದ್ದೆ. ನಿಮ್ಮಷ್ಟು ಹೊಲಿಗೆ ಗೊತ್ತಿಲ್ಲ. ಎಳೆದ್ರೆ ಯಾವುದು ಬರುತ್ತೆ, ಯಾವುದು ಬರಲ್ಲ, ಅಷ್ಟು ಗೊತ್ತು."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಯಾಕೆ ಸಡಿಲ ಅಂದ್ರೋ, ನಾನೂ ಅದಕ್ಕೇ ಸುಮ್ನಿದ್ದೆ."

ಟೇಲರಮ್ಮನಿಗೆ ಮೊದಲು ನಾಚಿಕೆಯಾಯಿತು, ಹಿಂದೆಯೇ ಒಂದು ಬಗೆಯ ಸಮಾಧಾನವೂ ಆಯಿತು. ಅಂದರೆ ಈ ಏಣಿಯ ಹೊಟ್ಟೆಯೂ ತಣ್ಣಗಿರಲಿಲ್ಲ.

"ನಿನ್ನೆಯಿಂದ ಊಟ ಸೇರ್ತಿಲ್ಲ ನಂಗೆ" ಎಂದಳು ಬೀಗಿತ್ತಿ. "ವಾರದೊಳಗೆ ಬದಲಾಯಿಸಿ ಕೊಡ್ತಾರೆ. ನೀವು ಹೇಳ್ತೀರಾ, ನಾನೇ ಹೇಳ್ಲಾ?"

ಈ ಪ್ರಶ್ನೆಗೆ ಟೇಲರಮ್ಮನಿಗೆ ಉತ್ತರ ಹುಡುಕುವ ಕೆಲಸವೇ ಬೀಳಲಿಲ್ಲ. ತನ್ನ ಸುಳ್ಳನ್ನು ಏಣಿ ಹೋಗಿ ತನ್ನ ಮಗಳಿಗೆ ಹೇಳುವುದು, ಹೇಳಿ ಇನ್ನೊಂದು ಸಲ ಒಳ್ಳೆಯವಳಾಗುವುದು, ಅದನ್ನು ನೋಡುವುದಕ್ಕಿಂತ ಬೀದಿಯ ಕಲ್ಲು ಎಣಿಸುತ್ತ ಕೂರುವುದೇ ವಾಸಿ. "ನನ್ನ ಬಾಯಿ ಇನ್ನೂ ಬಿದ್ದುಹೋಗಿಲ್ಲ" ಎಂದು ಎದ್ದಳು. ಸತ್ಯ ಹೇಳಲು ಹೊರಡುವವರು ಎಲ್ಲ ಸಲವೂ ಒಳ್ಳೆಯ ಕಾರಣಕ್ಕೇ ಹೊರಡುತ್ತಾರೆಂದು ತಿಳಿಯಬಾರದು.

ಮಗಳು ಮಗುವಿನ ಒಗೆದ ಬಟ್ಟೆಗಳನ್ನು ಮಡಿಸುತ್ತ ಹಾಸಿಗೆಯ ಮೇಲೆ ಕೂತಿದ್ದಳು. ಟೇಲರಮ್ಮ ನಿಂತೇ ಹೇಳಿದಳು. ಪಟ್ಟಿಯ ಹೊಲಿಗೆ ಚೆನ್ನಾಗಿತ್ತು, ಅಷ್ಟು ಒಳ್ಳೆಯ ಹೊಲಿಗೆಯನ್ನು ತಾನು ಈಚೆಗೆ ನೋಡಿಯೇ ಇಲ್ಲ, ಬೇಕೆಂದೇ ಸುಳ್ಳು ಹೇಳಿದೆ.

"ಯಾಕಮ್ಮ?"

"ಹೊಟ್ಟೆಕಿಚ್ಚು" ಎಂದಳು ಟೇಲರಮ್ಮ.

ಮಗಳು ಬೈಯುತ್ತಾಳೆ ಎಂದುಕೊಂಡಿದ್ದಳು. ನಕ್ಕುಬಿಡಲೂಬಹುದು ಎಂದು ಒಳಗೊಳಗೇ ಆಸೆಯಿತ್ತು. ಮಗಳು ಎರಡೂ ಮಾಡಲಿಲ್ಲ. ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಅದು ಟೇಲರಮ್ಮನೇ ಹೊಲಿದ ಅಂಗಿ.

"ಗಟ್ಟಿ ಇರೋದನ್ನ ಸಡಿಲ ಅಂದೆ" ಎಂದಳು ಮಗಳು. ಮುಂದಿನ ಮಾತನ್ನು ಅಲ್ಲೇ ಬಿಟ್ಟಳು. "ನಾಳೆ ಹೋಗಿ ಬದಲಾಯಿಸೋಣ. ಬೆಳಿಗ್ಗೆ ಹೊತ್ತು ನಿನ್ನ ಹತ್ರಾನೇ ಇರ್ಲಿ, ನಾನು ಅಂದ್ಕೊಂಡಿದ್ದೂ ಅದೇ. ಅತ್ತೇನೂ ಬರ್ತಾರೆ."

ಬೆಳಗಿನ ಹೊತ್ತು ಸಿಕ್ಕಿತ್ತು. ಬೇಕಾದದ್ದು ಅದೇ ಒಂದು. ಟೇಲರಮ್ಮ ಮನೆಗೆ ಬಂದು ಕಟಿಂಗ್ ಟೇಬಲ್ಲನ್ನು ಇನ್ನೂ ಒಂದು ಗೇಣು ಸರಿಸಿದಳು. ಮಗಳು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಆ ದಿನವೆಲ್ಲ ಅನ್ನಿಸುತ್ತಲೇ ಇತ್ತು.

ಮಂಗಳವಾರ ಮತ್ತೆ ಅದೇ ಅಂಗಡಿ. ಮಾರುವವನು ಇವರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ವಿಷಯ ತಿಳಿದ ಮೇಲೆ ಮರುಮಾತಿಲ್ಲದೆ ಬೂದು ಗಾಡಿಯನ್ನು ಒಳಗಿಟ್ಟು, ಮೂರು ಗಾಲಿಯದನ್ನು ತಂದು ನಿಲ್ಲಿಸಿದ. ಹಿಡಿಯನ್ನು ಟೇಲರಮ್ಮನ ಎತ್ತರಕ್ಕೆ ಇಳಿಸಿಕೊಟ್ಟ. ಬೀಗಿತ್ತಿ ಈ ಸಲ ಅದನ್ನು ಮುಟ್ಟಲಿಲ್ಲ, ಕೈ ಕಟ್ಟಿಕೊಂಡು ದೂರ ನಿಂತಳು. ಇದೇ ಗಾಡಿಯಲ್ಲಿ ಈಗಲೇ ಮನೆಗೆ ಹೋಗುವುದೆಂದು ಮಗಳು ಮಗುವಿನ ಹೊದಿಕೆಯನ್ನೂ ತಂದಿದ್ದಳು.

ಟೇಲರಮ್ಮ ಬಗ್ಗಿ ಪಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ, ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದಳು. ಐದಕ್ಕೆ ಐದೂ. ಎದ್ದು ನಿಂತು, ಹಿಡಿಯ ಮೇಲೆ ಕೈಯಿಟ್ಟು, "ಗಟ್ಟಿ ಇದೆ, ಮಲಗಿಸು" ಎಂದಳು.

ಮಗಳು ಮಲಗಿಸಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು ಹಾಗೇ ನಿಂತಳು. ಆಮೇಲೆ, ತಾಯಿಯ ಕಡೆ ನೋಡದೆ, ಮೆಲ್ಲಗೆ ಹೇಳಿದಳು.

"ಅತ್ತೆ, ನೀವೂ ಒಂದ್ಸಲ ಎಳೆದು ನೋಡಿ."

ಬೀಗಿತ್ತಿಯ ಮುಖ ಕೆಂಪಾಯಿತು. ಅವಳು ನೋಡಿದ್ದು ಸೊಸೆಯನ್ನಲ್ಲ, ಟೇಲರಮ್ಮನನ್ನು. ಟೇಲರಮ್ಮನ ಗಂಟಲವರೆಗೆ ಮಾತು ಬಂತು. ಈ ಏಣಿಗೂ ಗೊತ್ತಿತ್ತು, ಇವಳೂ ಸುಮ್ಮನಿದ್ದಳು. ಅಷ್ಟು ಹೇಳಿದರೆ ಸಾಕು, ಇಬ್ಬರೂ ಸರಿಸಮ. ಆದರೆ ಇಬ್ಬರ ಮೇಲೂ ನಂಬಿಕೆ ಹೋದರೆ ಮಗಳು ಮಗುವನ್ನು ಎಲ್ಲಿ ಬಿಡುತ್ತಾಳೆ? ಲ್ಯಾಬಿನ ಪಕ್ಕದಲ್ಲೇ ಕೂಸುಗಳನ್ನು ನೋಡಿಕೊಳ್ಳುವ ಮನೆಯೊಂದಿತ್ತು, ಒಬ್ಬ ಆಯಾಳಿಗೆ ಹತ್ತು ಮಕ್ಕಳು. ಟೇಲರಮ್ಮ ಸ್ವಲ್ಪ ಪಕ್ಕಕ್ಕೆ ಸರಿದು ಬೀಗಿತ್ತಿಗೆ ಜಾಗ ಬಿಟ್ಟಳು.

ಬೀಗಿತ್ತಿ ಬಗ್ಗಿ ಒಂದೊಂದು ಪಟ್ಟಿಯನ್ನೂ ಎರಡು ಕೈಯಲ್ಲಿ ಹಿಡಿದು ಎಳೆದಳು.

"ಗಟ್ಟಿ ಇದೆಯಮ್ಮ" ಎಂದಳು.

"ಸರಿ ಹಾಗಾದ್ರೆ" ಎಂದು ಮಗಳು ಮಗುವನ್ನು ಗಾಡಿಯಲ್ಲಿ ಮಲಗಿಸಿದಳು.